ಮಡಿಯಾದ ಕರಟಗಳು

ಶಂಕರಪುರದ ನಮ್ಮ ಬೀದಿಯಲ್ಲಿ ಅಪ್ಪನಿಗೆ ಎರಡು ಹೆಸರಿದ್ದವು. ಎದುರಿಗೆ ಸಿಕ್ಕಾಗ ಎಲ್ಲರೂ ‘ಮೇಷ್ಟ್ರೇ’ ಎನ್ನುತ್ತಿದ್ದರು. ಬೆನ್ನು ತಿರುಗಿಸಿದ ಮೇಲೆ ‘ಕರಟದ ಮೇಷ್ಟ್ರು’. ಎರಡನೆಯದೂ ಅಪ್ಪನ ಕಿವಿಗೆ ಬಿದ್ದಿತ್ತು, ಆದರೆ ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವರು, ಹುಡುಗರ ಬಾಯಲ್ಲಿ ಇದಕ್ಕಿಂತ ಕೆಟ್ಟ ಹೆಸರುಗಳನ್ನು ಕೇಳಿಸಿಕೊಂಡಿದ್ದರು. ಬೇಸರವಾಗುತ್ತಿದ್ದುದು ನನಗೆ.

ಯಾಕೆಂದರೆ ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪ ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಮನೆಮನೆಗೆ ಹೋಗಿ ತೆಂಗಿನ ಕರಟ ಕೇಳಿ ತರುತ್ತಿದ್ದರು. ಒಂದು ಸಲ ನನ್ನ ಜೊತೆ ಬಿ.ಎಸ್ಸಿ. ಓದುತ್ತಿದ್ದ ಗೆಳತಿಯ ಮನೆಗೂ ಹೋಗಿದ್ದರು. ಅವಳು ಸೋಮವಾರ ಕ್ಲಾಸಿನಲ್ಲಿ, “ನಿಮ್ಮಪ್ಪನ ಕೈಗೆ ನಮ್ಮಮ್ಮ ಚಿಪ್ಪು ಕೊಟ್ಟು ಕಳ್ಸಿದ್ರು ಕಣೇ” ಎಂದು ಎಲ್ಲರೆದುರಿಗೆ ಹೇಳಿ ನಕ್ಕಳು. ನಾನು ಮನೆಗೆ ಬಂದು ಅಪ್ಪನ ಜೊತೆ ಎರಡು ದಿನ ಮಾತು ಬಿಟ್ಟೆ. ಅಪ್ಪನಿಗೆ ನಾನು ಮಾತು ಬಿಟ್ಟದ್ದೇ ಗೊತ್ತಾಗಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಲ್ಲಿಯವರೆಗೆ ನಮ್ಮ ಕಡೆಯ ಮನೆಗಳಲ್ಲಿ ಕರಟ ಎಂದರೆ ಬಚ್ಚಲ ಒಲೆಗೆ. ಬೆಳಿಗ್ಗೆ ಐದಕ್ಕೆ ಹಂಡೆಯ ಕೆಳಗೆ ನಾಲ್ಕು ಕರಟ ಒಟ್ಟಿದರೆ ಆರಕ್ಕೆ ಮನೆಮಂದಿಗೆಲ್ಲ ಬಿಸಿನೀರು. ಬಚ್ಚಲಿಗೆ ಬಾಯ್ಲರು, ಗೀಸರು ಬಂದ ಮೇಲೆ ಕರಟಕ್ಕೆ ದಿಕ್ಕಿಲ್ಲದಾಯಿತು. ಬೀದಿ ಕೊನೆಯ ತೊಟ್ಟಿಯಲ್ಲಿ ರಾಶಿ ಬೀಳತೊಡಗಿತು. ಅದೇ ಹೊತ್ತಿಗೆ ಸಂಜೆ ಸಂಜೆ ಕರೆಂಟು ಹೋಗುವುದೂ ಶುರುವಾಯಿತು. ಬೇಸಿಗೆ ಬಂದರಂತೂ ಲೋಡ್ ಶೆಡ್ಡಿಂಗಿನ ಹೊತ್ತು ನೋಡಿಕೊಂಡೇ ಅಮ್ಮ ರುಬ್ಬುವ ಕೆಲಸ ಇಟ್ಟುಕೊಳ್ಳುತ್ತಿದ್ದಳು.

ತುಮಕೂರಿನ ಕಡೆ ಯಾವುದೋ ಹಳ್ಳಿಗೆ ಪಾಲಿಟೆಕ್ನಿಕ್ಕಿನ ಹುಡುಗರನ್ನು ಕರೆದುಕೊಂಡು ಹೋಗಿದ್ದ ಅಪ್ಪ, ಅಲ್ಲಿ ಕಟ್ಟಿಗೆ ತುಂಡುಗಳಿಂದ ಕರೆಂಟು ಮಾಡಿ ಮನೆಗಳಿಗೆ ದೀಪ ಕೊಡುವುದನ್ನು ನೋಡಿಬಂದರು. ಬಂದವರಿಗೆ ಊಟ ಸೇರಲಿಲ್ಲ. “ಕಟ್ಟಿಗೆಯಿಂದ ಆಗುತ್ತೆ ಅಂದ್ರೆ ಕರಟದಿಂದ ಯಾಕಾಗಲ್ಲ?” ಎಂದು ಗೋಡೆ ನೋಡಿಕೊಂಡು ಕೇಳುತ್ತಿದ್ದರು. ಆರು ತಿಂಗಳಲ್ಲಿ ನಮ್ಮ ಹಿತ್ತಲಿನಲ್ಲಿ ಒಂದು ಯಂತ್ರ ಎದ್ದು ನಿಂತಿತು. ಜೆ.ಸಿ. ರಸ್ತೆಯ ಗುಜರಿಯಲ್ಲಿ ಸಿಕ್ಕ ಹಳೇ ಕಾರಿನ ಪೆಟ್ರೋಲ್ ಎಂಜಿನ್ನು, ಎರಡು ಕಬ್ಬಿಣದ ಡ್ರಮ್ಮು, ಮರಳು ತುಂಬಿದ ಒಂದು ಪೀಪಾಯಿ, ನಡುವೆ ಕೊಳವೆಗಳು. ಅಮ್ಮನ ಬಟ್ಟೆ ಒಣಗಿಸುವ ತಂತಿಗೆ ಜಾಗವಿಲ್ಲದಾಯಿತು.

ಯಾರು ಬಂದರೂ ಅಪ್ಪ ಅದರ ಮುಂದೆ ನಿಲ್ಲಿಸಿ ಪಾಠ ಹೇಳುತ್ತಿದ್ದರು. ಹಾಲಿನವನೂ ಕೇಳಿದ್ದಾನೆ, ಪುರೋಹಿತರೂ ಕೇಳಿದ್ದಾರೆ. ಕರಟಕ್ಕೆ ಬೇಕಾದಷ್ಟು ಗಾಳಿ ಕೊಟ್ಟರೆ ಉರಿದು ಬೂದಿಯಾಗುತ್ತದೆ. ಗಾಳಿಯನ್ನು ಹಿಡಿದು ಹಿಡಿದು ಕೊಟ್ಟರೆ ಅರೆಬರೆ ಬೆಂದು, ಉರಿಯುವ ಒಂದು ಅನಿಲ ಬಿಡುತ್ತದೆ. ಅದನ್ನು ನೀರಿನಲ್ಲಿ ತಣಿಸಿ, ಮರಳಿನಲ್ಲಿ ಸೋಸಿ, ಪೆಟ್ರೋಲಿನ ಬದಲು ಎಂಜಿನ್ನಿಗೆ ಕುಡಿಸಬೇಕು. ಎಂಜಿನ್ನು ತಿರುಗಿದರೆ ಅದಕ್ಕೆ ಜೋಡಿಸಿದ ಡೈನಮೋದಿಂದ ಕರೆಂಟು. “ಮರ ಬೆಳೆಯೋವಾಗ ಗಾಳಿಯಿಂದ ಏನ್ ತಗೊಂಡಿತ್ತೋ ಅದನ್ನೇ ವಾಪಸ್ ಕೊಡುತ್ತೆ. ಇನ್ನೊಂದು ಮರ ಬೆಳೆದ್ರೆ ಮತ್ತೆ ತಗೊಳ್ಳುತ್ತೆ. ಕಲ್ಲಿದ್ದಲು ಹಾಗಲ್ಲ ನೋಡಿ, ಒಂದ್ಸಲ ಖಾಲಿಯಾದ್ರೆ ಮುಗೀತು.” ಪಾಠದ ಕೊನೆಗೆ ಯಾವಾಗಲೂ ಒಂದೇ ಮಾತು: “ಒಂದೇ ಒಂದು ಷರತ್ತು. ಕರಟ ಒಣಗಿರಬೇಕು. ತೇವ ಇದ್ರೆ ಕೆಲಸ ಕೆಡ್ತು.” ಈ ಮಾತನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನನಗೆ ತಪ್ಪಿಸಿಕೊಳ್ಳಲು ದಾರಿ ಇರಬಾರದು.

ಅಜ್ಜಿ, ಎಂದರೆ ಅಪ್ಪನ ತಾಯಿ, ಈ ಯಂತ್ರವನ್ನು ಮೊದಲು ಗೇಲಿ ಮಾಡಿದಳು. “ಒಲೆಗೆ ಹಾಕೋ ಕರಟಕ್ಕೆ ಇಷ್ಟು ದೊಡ್ಡ ಉಪನಯನ ಯಾಕೋ?” ಎಂದಳು. ಆದರೆ ಮೊದಲ ಸಲ ಹಿತ್ತಲಿನ ಬಲ್ಬು ಹೊತ್ತಿಕೊಂಡ ಸಂಜೆ, ದೇವರ ಮನೆಯಿಂದ ಹೊರಗೆ ಬಂದು ಅದನ್ನು ನೋಡುತ್ತಾ ನಿಂತಳು. ಗಂಡ ಹೋದ ಮೇಲೆ ನಾಲ್ಕು ಮನೆಗಳಲ್ಲಿ ಹಪ್ಪಳ ಒತ್ತಿ, ಮಗನನ್ನು ಚಾಮರಾಜಪೇಟೆಯ ಉಚಿತ ಹಾಸ್ಟೆಲಿಗೆ ಸೇರಿಸಿ ಓದಿಸಿದವಳು. “ನನ್ನ ಮಗ ಕರೆಂಟು ಮಾಡ್ದ” ಎಂದು ಮರುದಿನ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಅಜ್ಜಿಯ ತಕರಾರು ಒಂದೇ, ಮಡಿಯದು. ಹಬ್ಬದ ಅಡುಗೆಗೆ ಸೌದೆಯನ್ನೂ ತೊಳೆದು ಒಣಗಿಸಿ ಒಲೆಗಿಡುತ್ತಿದ್ದ ಕಾಲದವಳು ಅವಳು. ನಮ್ಮ ಮನೆಗೆ ಗ್ಯಾಸು ಬಂದಾಗ ಸಿಲಿಂಡರನ್ನು ಬಾಗಿಲಲ್ಲೇ ನಿಲ್ಲಿಸಿ ಒಂದು ಕೊಡ ನೀರು ಸುರಿದಿದ್ದಳು. ಅಂಥವಳ ಹಿತ್ತಲಿಗೆ ಯಾರ್‍ಯಾರದೋ ಮನೆಯ, ಹೋಟೆಲಿನ, ಮಾರುಕಟ್ಟೆಯ ಕರಟ ಬಂದು ಬೀಳುತ್ತಿತ್ತು. ಸಹಿಸಿಕೊಂಡಿದ್ದಳು, ಮಗನಿಗಾಗಿ.

ಅಪ್ಪನಿಗೆ ಬೇಕಾಗಿದ್ದದ್ದು ನಮ್ಮ ಹಿತ್ತಲಿನ ಬಲ್ಬಲ್ಲ. ತಾವು ಓದಿದ ಆ ಹಾಸ್ಟೆಲಿನಲ್ಲಿ ಪರೀಕ್ಷೆಯ ದಿನಗಳಲ್ಲೇ ಸಂಜೆ ಕರೆಂಟು ಹೋಗುತ್ತಿತ್ತು, ಹುಡುಗರು ಮೋಂಬತ್ತಿ ಹಚ್ಚಿಕೊಂಡು ಒಂದಕ್ಕೆ ನಾಲ್ಕು ಜನ ಕೂತು ಓದುತ್ತಿದ್ದರು. ಆದರೆ ಅಲ್ಲಿಯ ಅಡುಗೆಮನೆಯಿಂದ ದಿನಕ್ಕೊಂದು ಚೀಲ ಕರಟ ಹೊರಗೆ ಬೀಳುತ್ತಿತ್ತು. “ಅವರ ಸಾರಿನ ತೆಂಗಿನಕಾಯಿಂದಾನೇ ಅವರಿಗೆ ದೀಪ. ಹೊರಗಿಂದ ಏನೂ ಬೇಡ” ಎಂದು ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹಾಸ್ಟೆಲಿನ ಕಾರ್ಯದರ್ಶಿಗಳು ನಮ್ಮ ಬೀದಿಯವರೇ, ರಾಮನವಮಿ ಪೆಂಡಾಲಿನ ಮುಖ್ಯಸ್ಥರೂ ಅವರೇ. ಅಪ್ಪ ಹೋಗಿ ಕೇಳಿದರು. ಅವರು ಯೋಚಿಸಿ ಹೇಳಿದರು: “ನಮ್ಮ ಪೆಂಡಾಲಲ್ಲಿ ಮೊದಲನೇ ದಿನ ನಿಮ್ಮ ಮಿಷನ್ನೇ ಓಡ್ಲಿ ಮೇಷ್ಟ್ರೇ. ಕರೆಂಟ್ ವಾಪಸ್ ಬರೋವರೆಗೂ ದೀಪ ಆರದೇ ಇದ್ರೆ ಹಾಸ್ಟೆಲ್ ಹಿತ್ತಲಲ್ಲಿ ಜಾಗ ನಾನು ಕೊಡಿಸ್ತೀನಿ. ಆರಿದ್ರೆ ಮತ್ತೆ ಈ ಮಾತು ಬೇಡ.”

ಪೆಂಡಾಲು ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲೇ. ಕಾಂಪೌಂಡಿನ ಮೇಲಿನಿಂದ ವೈರು ಎಳೆದರೆ ಮುಗಿಯಿತು. ಅಪ್ಪ ಮೂರು ಭಾನುವಾರ ಯಂತ್ರವನ್ನು ಎರಡೆರಡು ಗಂಟೆ ಓಡಿಸಿ ನೋಡಿದರು. ಒಂದು ಸಲವೂ ಕೈಕೊಡಲಿಲ್ಲ. ಮಳೆ ಬಿದ್ದೀತೆಂದು ಕರಟದ ಚೀಲಗಳನ್ನು ನಾನು ಓದುವ ಕೋಣೆಯಲ್ಲಿ ಪೇರಿಸಿಟ್ಟರು. ನನಗೆ ಪರೀಕ್ಷೆ ಹತ್ತಿರವಿತ್ತು. “ಮಗಳಿಗಿಂತ ಕರಟ ಹೆಚ್ಚಾಯ್ತು ನಿಮಗೆ” ಎಂದು ಜಗಳವಾಡಿದೆ. ಅಪ್ಪ, “ಒಂದು ವಾರ ಕಣೇ, ತಡ್ಕೋ” ಎಂದು ತಲೆ ನೇವರಿಸಲು ಬಂದರೆ ಕೈ ತಳ್ಳಿದೆ. ಇದೂ ಬರೆಯಬೇಕಾದದ್ದೇ.

ರಾಮನವಮಿಯ ದಿನ ಬೆಳಿಗ್ಗೆ ಅಪ್ಪ ಡ್ರಮ್ಮಿಗೆ ತುಂಬುವಷ್ಟು ಕರಟ ತಾವೇ ಸುರಿದು, ನಡುವೆ ಮತ್ತೆ ತುಂಬಲು ಎರಡು ಚೀಲ ಹಿತ್ತಲಲ್ಲಿಟ್ಟು, ವೈರು ಎಳೆಸಲು ಪೆಂಡಾಲಿಗೆ ಹೋದರು. ಅಮ್ಮ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಒಳಗಿದ್ದಳು. ಹನ್ನೊಂದು ಗಂಟೆಗೆ ಅಜ್ಜಿ ತಲೆಯ ಮೇಲೆ ನೀರು ಹುಯ್ದುಕೊಂಡು, ಮಡಿಸೀರೆಯಲ್ಲಿ ಹಿತ್ತಲಿಗೆ ಬಂದು ನನ್ನನ್ನು ಕರೆದಳು.

“ಆ ಎರಡು ಚೀಲಾನೂ ಕಲ್ಲಿನ ಮೇಲೆ ಸುರಿ.”

“ಯಾಕಜ್ಜಿ?”

“ರಾಮದೇವರ ಮುಂದೆ ಉರಿಯೋ ದೀಪ ಕಣೇ. ಯಾವ ಹೋಟ್ಲು ಕರಟವೋ, ಯಾರು ತುಳಿದಿದ್ದೋ. ಹಾಗೇ ಹಾಕಿದ್ರೆ ನಿಮ್ಮಪ್ಪನಿಗೆ ಒಳ್ಳೇದಾಗುತ್ತಾ?”

“ಒದ್ದೆ ಆಗ್ಬಾರ್ದಂತೆ. ಅಪ್ಪ ಬೈತಾರೆ.”

“ಚೈತ್ರದ ಬಿಸಿಲು, ಅರ್ಧ ಗಂಟೇಲಿ ಒಣಗುತ್ತೆ. ಆಗೆಲ್ಲ ಹಬ್ಬಕ್ಕೆ ಸೌದೆ ತೊಳೀತಿರ್ಲಿಲ್ವಾ, ಉರೀತಿರ್ಲಿಲ್ವಾ?”

ನಾನು ಒಂದು ಕ್ಷಣ ನಿಂತೆ. ಓಡಿಹೋಗಿ ಅಪ್ಪನನ್ನು ಕರೆಯಬಹುದಿತ್ತು, ಪೆಂಡಾಲು ಹತ್ತು ಮಾರು ದೂರ. ಕರೆಯಲಿಲ್ಲ. ಕೋಣೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅಜ್ಜಿಯ ಬಾಯಿಗೆ ಬೀಳುವುದೂ ಬೇಡವಾಗಿತ್ತು. ಆದದ್ದಾಗಲಿ ಎಂದುಕೊಂಡು ಎರಡು ಚೀಲವನ್ನೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದು ಓದಲು ಒಳಗೆ ಹೋದೆ.

ಅಜ್ಜಿ ಅವುಗಳ ಮೇಲೆ ನಾಲ್ಕು ಕೊಡ ನೀರು ಸುರಿದಳು. ಆಮೇಲೆ ದೇವರ ಮನೆಯಿಂದ ತುಳಸಿ ತೀರ್ಥ ತಂದು ಚಿಮುಕಿಸಿದಳು. ಗೋಣಿಚೀಲ ಮೈಲಿಗೆಯೆಂದು, ಹಬ್ಬಕ್ಕೆ ತರಕಾರಿ ತರುವ ಬಿದಿರಿನ ಮಂಕರಿಗಳಿಗೆ ಆ ಕರಟಗಳನ್ನು ತಾನೇ ತುಂಬಿ ಬಿಸಿಲಿಗಿಟ್ಟಳು. ಮೇಲಿನವು ಒಣಗಿದವು. ಕೆಳಗಿನವು ಒಂದರೊಳಗೊಂದು ಕೂತು, ನಾರೆಲ್ಲ ನೀರು ಕುಡಿದುಕೊಂಡು ಹಾಗೇ ಉಳಿದವು.

ಐದು ಗಂಟೆಗೆ ಅಪ್ಪ ಬಂದು ಮಂಕರಿ ನೋಡಿ, “ಚೀಲ ಏನಾಯ್ತಮ್ಮ?” ಎಂದರು.

“ದೇವರ ಕೆಲಸಕ್ಕೆ ಗೋಣಿಚೀಲ ಏನೋ? ಮಂಕರಿಗೆ ಹಾಕಿಟ್ಟಿದೀನಿ” ಎಂದಳು ಅಜ್ಜಿ. ತೊಳೆದದ್ದನ್ನು ಮುಚ್ಚಿಡಬೇಕೆಂದು ಅವಳಿಗಿರಲಿಲ್ಲ, ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ. ಅಪ್ಪ ನಕ್ಕು, ಮೇಲಿನದೊಂದು ಕರಟ ತೆಗೆದು ಇನ್ನೊಂದಕ್ಕೆ ತಟ್ಟಿ ನೋಡಿದರು. ಟಣ್ ಎಂದಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಒಣಗಿದೆಯಲ್ಲ ಎಂದು ನನಗೂ ಸಮಾಧಾನವಾಯಿತು.

ಆರೂವರೆಗೆ ಪೆಂಡಾಲಿನಲ್ಲಿ ಸಂಗೀತ ಕಛೇರಿ ಶುರುವಾಯಿತು. ಅಜ್ಜಿ ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ಕೂತಿದ್ದಳು. ಹೇಳಿದ ಹೊತ್ತಿಗೆ ಸರಿಯಾಗಿ ಏಳಕ್ಕೆ ಕರೆಂಟು ಹೋಯಿತು, ವಾಪಸ್ ಬರಬೇಕಾದದ್ದು ಒಂಬತ್ತಕ್ಕೆ. ಬೀದಿಗೆ ಬೀದಿಯೇ ಕತ್ತಲು. ಹತ್ತು ಎಣಿಸುವಷ್ಟರಲ್ಲಿ ಪೆಂಡಾಲಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು, ಮೈಕಿನಲ್ಲಿ ಹಾಡು ಮುಂದುವರಿಯಿತು. ಜನ ಹಿಂತಿರುಗಿ ನಮ್ಮ ಕಾಂಪೌಂಡಿನ ಕಡೆ ನೋಡಿ ಚಪ್ಪಾಳೆ ತಟ್ಟಿದರು. ನಾನು ಗೋಡೆಯ ಪಕ್ಕ ನಿಂತಿದ್ದೆ. ಅಪ್ಪ ಎಂಜಿನ್ನಿನ ಹತ್ತಿರ ಬೆವರು ಒರೆಸಿಕೊಳ್ಳುತ್ತಾ ಮಕ್ಕಳಂತೆ ನಗುತ್ತಿದ್ದರು. ಅಷ್ಟು ಸಂತೋಷವಾಗಿ ಅವರನ್ನು ನಾನು ನೋಡಿದ್ದು ಕಡಿಮೆ. ನನ್ನ ಸಿಟ್ಟೆಲ್ಲ ಹೋಗಿ, ಕರಟದ ಮೇಷ್ಟ್ರ ಮಗಳು ನಾನು ಎಂದು ಕೂಗಿ ಹೇಳಬೇಕೆನಿಸಿತು.

ಏಳೂವರೆಗೆ ಅಪ್ಪ ಸ್ಟೂಲು ಹತ್ತಿ ಎರಡು ಮಂಕರಿಯನ್ನೂ ಡ್ರಮ್ಮಿಗೆ ಸುರಿದು ಮುಚ್ಚಳ ಹಾಕಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಂಜಿನ್ನಿನ ಸದ್ದು ಬದಲಾಯಿತು. ಕೆಮ್ಮಿತು, ಸುಧಾರಿಸಿಕೊಂಡಿತು, ಮತ್ತೆ ಕೆಮ್ಮಿತು. ದೀಪಗಳು ಕೆಂಪಾದವು. ಅಪ್ಪ ಒಂದು ತಿರುಪು ಬಿಗಿದರು, ಇನ್ನೊಂದು ಸಡಿಲಿಸಿದರು. ಡ್ರಮ್ಮಿನ ಸಂದಿನಿಂದ ಬೆಳ್ಳಗೆ ದಪ್ಪ ಹೊಗೆ ಎದ್ದು ಗೋಡೆ ಹತ್ತಿ ಪೆಂಡಾಲಿಗೆ ಇಳಿಯಿತು. ಎಂಟು ಹೊಡೆಯುವ ಮೊದಲೇ ಎಂಜಿನ್ನು ನಿಂತಿತು. ಪೆಂಡಾಲು ಕತ್ತಲಾಯಿತು.

ಜನ ಸೆರಗು, ಕರವಸ್ತ್ರ ಮೂಗಿಗಿಟ್ಟುಕೊಂಡು ಏಳತೊಡಗಿದರು. ಹಾಡುತ್ತಿದ್ದ ವಿದ್ವಾಂಸರು ದೊಡ್ಡವರು, ಕೆಮ್ಮುತ್ತಲೇ ಮೈಕಿಲ್ಲದೆ ಹಾಡು ಮುಗಿಸಿದರು. ಯಾರೋ ಗ್ಯಾಸ್‌ಲೈಟ್ ತಂದರು. ಕಾರ್ಯದರ್ಶಿಗಳು ಹಿತ್ತಲಿಗೆ ಬಂದರು.

“ಏನಾಯ್ತು ಮೇಷ್ಟ್ರೇ?”

ಅಪ್ಪ ಮಸಿ ಕೈಗಳನ್ನು ನೋಡಿಕೊಂಡು, “ಗೊತ್ತಾಗ್ತಿಲ್ಲ. ಬೆಳಿಗ್ಗೆ ಬಿಚ್ಚಿ ನೋಡಿ ಹೇಳ್ತೀನಿ” ಎಂದರು.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಡ್ರಮ್ಮು ಬಿಚ್ಚಿ ತೊಳೆದು ಮುಗಿಸಿದ್ದರು. ಕಾರ್ಯದರ್ಶಿಗಳು ಬಂದಾಗ ಅಜ್ಜಿ, ಅಮ್ಮ, ನಾನು ಎಲ್ಲ ಜಗಲಿಯಲ್ಲಿದ್ದೆವು. ಅಪ್ಪ ನಿಂತುಕೊಂಡೇ ಹೇಳಿದರು: “ತಪ್ಪು ನಂದೇ ಸಾರ್. ಮಿಷನ್ ಕಟ್ಟಿರೋದ್ರಲ್ಲೇ ದೋಷ ಇದೆ. ಹೆಚ್ಚು ಹೊತ್ತು ಓಡಲ್ಲ.”

“ನಿಮ್ಮ ಶ್ರದ್ಧೆ ದೊಡ್ಡದು ಬಿಡಿ ಮೇಷ್ಟ್ರೇ. ಆದ್ರೆ ಹಾಸ್ಟೆಲ್ ಮಕ್ಕಳ ವಿಷ್ಯ ನೋಡಿ...” ಎಂದು ಅವರು ಮಾತು ಅಲ್ಲಿಗೇ ಬಿಟ್ಟು, ಕಾಫಿ ಕುಡಿದು ಹೋದರು.

ಅಜ್ಜಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಉಪ್ಪು ಮೆಣಸಿನಕಾಯಿ ತಂದು ಯಂತ್ರಕ್ಕೆ ಮೂರು ಸುತ್ತು ನಿವಾಳಿಸಿದಳು. “ಅಷ್ಟು ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದ್ರಲ್ಲ, ದೃಷ್ಟಿ ತಾಗ್ತು ನನ್ನ ಮಗನಿಗೆ” ಎಂದಳು. ಅದನ್ನು ನೋಡುತ್ತಾ ನಾನು ಬಾಯಿ ತೆರೆಯಲಿಲ್ಲ. ಅಜ್ಜಿಯನ್ನು ಉಳಿಸಲು ಸುಮ್ಮನಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಉಳಿಸಿಕೊಂಡದ್ದು ನನ್ನನ್ನೇ.

ಅಪ್ಪ ಮತ್ತೊಮ್ಮೆ ಯತ್ನಿಸುತ್ತಾರೆ, ಆಗ ಎಲ್ಲ ಸರಿಹೋಗುತ್ತದೆ ಎಂದು ನಾನು ಕಾಯುತ್ತಿದ್ದೆ. ಕರಟ ಒಣಗಿದ್ದರೆ ಯಂತ್ರ ಓಡುತ್ತದೆಂದು ನನಗೆ ಗೊತ್ತಿತ್ತಲ್ಲ. ಆದರೆ ಅಪ್ಪ ಅದನ್ನು ಮುಟ್ಟಲಿಲ್ಲ. ಒಂದು ತಿಂಗಳಾಯಿತು, ಒಂದು ವರ್ಷವಾಯಿತು. ಅಜ್ಜಿಯೇ, “ಅದನ್ನೊಂದ್ಸಲ ಹಚ್ಚಿ ನೋಡಬಾರ್ದೇನೋ?” ಎಂದು ಕೇಳುತ್ತಿದ್ದಳು. “ನೋಡೋಣಮ್ಮ” ಎನ್ನುತ್ತಿದ್ದರು ಅಪ್ಪ. ಒಂದು ದಿನ ನನಗೆ ರೇಗಿಹೋಯಿತು. “ಒಂದ್ಸಲ ಕೆಟ್ಟಿದ್ದಕ್ಕೇ ಕೈ ಬಿಡ್ತೀರಲ್ಲ, ನೀವೆಂಥಾ ಮೇಷ್ಟ್ರು?” ಎಂದುಬಿಟ್ಟೆ. ಅಪ್ಪ ನನ್ನ ಮುಖ ನೋಡಿ ಪೇಪರು ಮಡಚಿಟ್ಟು ಎದ್ದುಹೋದರು. ಎಲ್ಲ ಗೊತ್ತಿದ್ದೂ ಆ ಮಾತು ಆಡಿದೆನಲ್ಲ, ಈಗಲೂ ನೆನೆದರೆ ಮೈ ಉರಿಯುತ್ತದೆ.

ವರ್ಷಗಳು ಹೋದವು. ಡ್ರಮ್ಮಿಗೆ ತುಕ್ಕು ಹಿಡಿಯದಂತೆ ಅಪ್ಪ ದಸರಾ ರಜೆಯಲ್ಲಿ ಬಣ್ಣ ಹೊಡೆಯುತ್ತಿದ್ದರು, ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಹಚ್ಚುತ್ತಿರಲಿಲ್ಲ ಅಷ್ಟೆ. ಅಮ್ಮ ಅದರ ಮೇಲೆ ಸಂಡಿಗೆ ಒಣಗಿಸತೊಡಗಿದಳು. ನಾನು ಬ್ಯಾಂಕು ಸೇರಿದೆ, ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದೆ. ಹಾಸ್ಟೆಲಿಗೆ ಯಾರೋ ದಾನಿಗಳು ಇನ್ವರ್ಟರ್ ಕೊಡಿಸಿದರು. ಬೀದಿಯವರು ಅಪ್ಪನ ಎರಡನೆಯ ಹೆಸರನ್ನು ಮರೆತರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಾಘದಲ್ಲಿ ಅಜ್ಜಿ ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಎರಡು ದಿನ ಉಳಿದುಕೊಂಡೆ. ಮರುದಿನ ಮಧ್ಯಾಹ್ನ ಊಟವಾಗಿ ಮಲಗಿದ್ದವಳಿಗೆ ಹಿತ್ತಲಿನಿಂದ ಎಂಜಿನ್ನಿನ ಸದ್ದು ಕೇಳಿಸಿತು. ಎದ್ದು ಓಡಿದೆ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಪಕ್ಕದಲ್ಲಿ ಒಂದು ಚೀಲ ಕರಟ. ಹಗಲು ಬೆಳಕಿನಲ್ಲಿ ಹಿತ್ತಲಿನ ಹಳೇ ಬಲ್ಬು ಉರಿಯುತ್ತಿತ್ತು. ಅರ್ಧ ಗಂಟೆ ಇಬ್ಬರೂ ನೋಡುತ್ತಾ ನಿಂತೆವು. ಒಂದು ಸಲವೂ ಕೆಮ್ಮಲಿಲ್ಲ.

“ಮಿಷನ್‌ನಲ್ಲಿ ದೋಷ ಇದೆ ಅಂದಿದ್ರಿ” ಎಂದೆ.

“ಎಲ್ಲಿತ್ತು? ಅವತ್ತು ಬೆಳಿಗ್ಗೆ ಬಿಚ್ಚಿದಾಗ ಮೇಲಿನ ಕರಟ ಎಲ್ಲ ಒದ್ದೆ. ಒಂದರೊಳಗೆ ತುಳಸಿ ದಳ ಅಂಟ್ಕೊಂಡಿತ್ತು.” ಅಪ್ಪ ಬಲ್ಬನ್ನೇ ನೋಡುತ್ತಿದ್ದರು. “ನಂಗೆ ಒಳ್ಳೇದಾಗ್ಲಿ ಅಂತ ಅಮ್ಮ ತೊಳೆದಿದ್ಲು ಕಣೇ. ಅವಳಿಗೆ ಹೇಗೆ ಹೇಳ್ಲಿ?”

“ಹೇಳೋದು ಬೇಡ, ಸರಿ. ಆದ್ರೆ ಮತ್ತೆ ಓಡಿಸಬಹುದಿತ್ತಲ್ಲ, ಇಷ್ಟು ವರ್ಷ?”

“ಒಣ ಕರಟ ಹಾಕಿದ್ರೆ ಓಡ್ತಿತ್ತು. ಓಡಿದ್ರೆ ಅಮ್ಮ ಕೇಳ್ತಿದ್ಲು, ಅವತ್ತು ಯಾಕೋ ಓಡ್ಲಿಲ್ಲ ಅಂತ. ಅವಳೇನು ದಡ್ಡಿಯಾ? ಎರಡು ನಿಮಿಷದಲ್ಲಿ ತಿಳ್ಕೊಂಡ್ಬಿಡ್ತಿದ್ಲು. ದೃಷ್ಟಿ ಅಂದ್ಕೊಂಡಿದ್ಲಲ್ಲ, ಹಾಗೇ ಇರ್ಲಿ ಅಂತ ಬಿಟ್ಟೆ.”

ನನಗೆ ಅಳು ತಡೆಯಲಾಗಲಿಲ್ಲ. ಹತ್ತು ವರ್ಷಕ್ಕೂ ಮೇಲೆ ನುಂಗಿಕೊಂಡಿದ್ದ ಮಾತು ಅಳುವಿನ ಜೊತೆಗೇ ಬಂತು. “ಅಪ್ಪ, ಅವತ್ತು ಚೀಲ ಕಲ್ಲಿನ ಮೇಲೆ ಸುರಿದಿದ್ದು ನಾನು. ನನಗೆ ಗೊತ್ತಿತ್ತು. ಹೇಳ್ಲಿಲ್ಲ.”

ಅಪ್ಪ ನನ್ನ ಕಡೆ ತಿರುಗಲಿಲ್ಲ. ಎಂಜಿನ್ನಿನ ಸದ್ದಿನ ನಡುವೆ ಮೆಲ್ಲಗೆ ಹೇಳಿದರು: “ಅದೂ ಗೊತ್ತು ಬಿಡು. ಮಡೀಲಿರೋವಾಗ ಅಮ್ಮ ಗೋಣಿಚೀಲ ಮುಟ್ತಿದ್ಲಾ?”

ಆಮೇಲೆ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ಸರಿಸಿ, “ಖಾಲಿ ಆಗ್ತಾ ಬಂತು, ಇನ್ನೊಂದಿಷ್ಟು ಹಾಕು” ಎಂದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಸ್ಟೂಲು ಹತ್ತಿದೆ. ಅಪ್ಪ ಚೀಲದಿಂದ ಒಂದೊಂದೇ ಕರಟ ತೆಗೆದು ಕೊಟ್ಟರು. ನಾನು ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡಿ ಒಳಗೆ ಹಾಕಿದೆ.